ಎರಡನೆಯ ಮಡಿಲು

ಮುಳಬಾಗಿಲಿನ ನರಸಿಂಹತೀರ್ಥಕ್ಕೆ ಹೋಗಿಬಂದವರಿಗೆ ಶ್ರೀಪಾದರಾಜರ ಬಾಲ್ಯದ ಕತೆ ಗೊತ್ತೇ ಇರುತ್ತದೆ. ಚನ್ನಪಟ್ಟಣದ ಹತ್ತಿರದ ಅಬ್ಬೂರು. ದನ ಕಾಯುವ ಹುಡುಗ. ಹೊತ್ತು ಇಳಿಯುತ್ತಿದೆ. ಆ ದಾರಿಯಲ್ಲಿ ಬಂದ ಸ್ವರ್ಣವರ್ಣತೀರ್ಥರು ಊರು ಇನ್ನೆಷ್ಟು ದೂರ ಎಂದು ವಿಚಾರಿಸುತ್ತಾರೆ. ಹುಡುಗ ಹರದಾರಿ ಲೆಕ್ಕ ಹೇಳುವುದಿಲ್ಲ. ಸೂರ್ಯನನ್ನು ನೋಡಿ, ಈ ದನಗಳನ್ನು ನೋಡಿ, ನನ್ನ ವಯಸ್ಸನ್ನೂ ನೋಡಿ, ಊರು ಎಷ್ಟು ದೂರ ಇರಬಹುದೆಂದು ನೀವೇ ತಿಳಿದುಕೊಳ್ಳಿ ಅನ್ನುತ್ತಾನೆ. ಕತ್ತಲಾಗುವ ಹೊತ್ತಿಗೆ ಇಷ್ಟು ಚಿಕ್ಕ ಹುಡುಗ ದನ ಬಿಟ್ಟುಕೊಂಡು ನಿಂತಿದ್ದಾನೆಂದರೆ ಊರು ಇಲ್ಲೇ ಇರಬೇಕು. ಸ್ವಾಮಿಗಳು ಬೆರಗಾಗಿ, ಹೆತ್ತವರನ್ನು ಕೇಳಿಕೊಂಡು, ಹುಡುಗನನ್ನು ತಮ್ಮ ಜೊತೆಗೆ ಕರೆದೊಯ್ಯುತ್ತಾರೆ.

ಈ ಕತೆ ಹೇಳುವವರೆಲ್ಲ ಹುಡುಗನ ಜಾಣತನದ ಹತ್ತಿರ ನಿಂತುಬಿಡುತ್ತಾರೆ. ನನಗೆ ಕುತೂಹಲ ಅದರ ಕೊನೆಯ ಸಾಲಿನ ಮೇಲೆ. ಹೆತ್ತವರ ಮಡಿಲಿನಿಂದ ಮಗು ಇನ್ನೊಬ್ಬರ ಮಡಿಲಿಗೆ ಹೋಯಿತಲ್ಲ, ಸಂತನ ಮುಂದಿನ ದಾರಿ ಅಲ್ಲಿ ತೀರ್ಮಾನವಾಯಿತೇ? ಮುಂದೆ ವ್ಯಾಸರಾಯರ ಬದುಕಿನಲ್ಲೂ ಇದೇ ಆಯಿತು. ಅವರು ಬಾಲ್ಯದಲ್ಲೇ ಬ್ರಹ್ಮಣ್ಯತೀರ್ಥರ ಆಶ್ರಯಕ್ಕೆ ಬಂದವರು; ಆಮೇಲೆ ಓದಿಗಾಗಿ ಇದೇ ಮುಳಬಾಗಿಲಿಗೆ, ಶ್ರೀಪಾದರಾಜರ ಬಳಿಗೆ ಬಂದರು.

ಇದೇ ಪ್ರಶ್ನೆಯನ್ನು ಕೆಥೋಲಿಕ್ ಸಂತರ ಬಗ್ಗೆ ಕೇಳಿದರೆ ಉತ್ತರಕ್ಕೆ ಬೇಕಾದ ಸಾಮಗ್ರಿ ರಾಶಿ ಸಿಗುತ್ತದೆ. ಸಂತಪದವಿ ಕೊಡುವ ಮುನ್ನ ಸಾಕ್ಷಿಗಳ ಹೇಳಿಕೆ ಬರೆದುಕೊಂಡು ಕಡತ ಕಟ್ಟುವ ಪದ್ಧತಿ ಆ ಸಭೆಯಲ್ಲಿ ಹಳೆಯದು. ನಮ್ಮ ಕೋಲಾರ ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕೆಥೋಲಿಕರು ಬೆರಳೆಣಿಕೆಯಷ್ಟು. ಚಿನ್ನದ ಗಣಿ ತೆರೆದ ಕಾಲಕ್ಕೆ ತಮಿಳು ಸೀಮೆಯಿಂದ ಬಂದವರ ಸಂತತಿಯಿಂದಾಗಿ ಕೆ.ಜಿ.ಎಫ್.ನಲ್ಲಿ ಹೆಚ್ಚು. ಅಂಥ ಮನೆಗಳ ಗೋಡೆಯ ಮೇಲೆ, ವೇಳಾಂಕಣಿ ಮಾತೆಯ ಪಕ್ಕದಲ್ಲಿ, ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡ ಒಬ್ಬ ಎಳೆಯ ಸನ್ಯಾಸಿನಿಯ ಪಟ ಕಾಣುವುದುಂಟು. ಬಾಲಯೇಸುವಿನ ಸಂತ ತೆರೇಸಾ, ಫ್ರಾನ್ಸಿನವರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕರ್ನಾಟಕದ ನೆಲದಲ್ಲೇ ವ್ರತ ತೊಟ್ಟ ಒಬ್ಬ ಸಂತ ಮಹಿಳೆಯ ಮಾತು.

ಮರಿಯಂ ಬವಾರ್ದಿ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯ ಸೀಮೆಯ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ತಂದೆತಾಯಿಗೆ ಅದುವರೆಗೆ ಹುಟ್ಟಿದ್ದ 12 ಗಂಡುಮಕ್ಕಳೂ ಎಳೆತನದಲ್ಲೇ ತೀರಿಕೊಂಡಿದ್ದವು. ಒಂದು ಹೆಣ್ಣು ಕೂಸನ್ನಾದರೂ ಕೊಡು ಎಂದು ಬೇಡಿಕೊಳ್ಳಲು ಗಂಡ ಹೆಂಡತಿ ಬೆತ್ಲೆಹೇಮಿಗೆ ಕಾಲ್ನಡಿಗೆಯಲ್ಲಿ ಹರಕೆ ಹೊತ್ತು ಹೋಗಿದ್ದರು. ಆಮೇಲೆ ಹುಟ್ಟಿದವಳು ಈ ಮರಿಯಂ; ಅವಳ ಬೆನ್ನಿಗೆ ತಮ್ಮ ಬೌಲೋಸ್. ಮಗುವಿಗೆ ಮೂರು ತುಂಬುವ ಮೊದಲೇ ತಂದೆತಾಯಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಮರಿಯಂಳನ್ನು ತಂದೆಯ ಕಡೆಯವರು ಕರೆದುಕೊಂಡು ಹೋದರು, ತಮ್ಮನನ್ನು ತಾಯಿಯ ಕಡೆಯವರು.

ಸಾಕಿದ ಮನೆಯ ತೋಟದಲ್ಲಿ ನಡೆದ ಒಂದು ಪ್ರಸಂಗವನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ. ಕೈಗೆ ಎರಡು ಪುಟ್ಟ ಹಕ್ಕಿಗಳು ಸಿಕ್ಕಿದ್ದವು. ಪ್ರೀತಿ ಹೆಚ್ಚಾಗಿ ಅವಕ್ಕೆ ಸ್ನಾನ ಮಾಡಿಸಲು ಹೋದಳು. ನೀರು ಹೊಯ್ದದ್ದೇ ಎರಡೂ ಸತ್ತವು. ಅಳುತ್ತಾ ಮಣ್ಣು ಕೆದರಿ ಹೂಳುತ್ತಿದ್ದಾಗ ಒಳಗೊಂದು ಮಾತು ಕೇಳಿಸಿತಂತೆ: ಎಲ್ಲವೂ ಹೀಗೇ ಹೋಗಿಬಿಡುತ್ತದೆ, ನಿನ್ನ ಹೃದಯ ನನಗೆ ಕೊಟ್ಟರೆ ನಾನು ಹೋಗುವುದಿಲ್ಲ ಎಂಬ ಅರ್ಥದ ಮಾತು. ಪ್ರೀತಿಯಿಂದ ಮುಟ್ಟಿದ್ದೇ ಸಾವಿಗೆ ಕಾರಣವಾಯಿತು. ಮಗುವಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಅದೂ 12 ಅಣ್ಣಂದಿರು, ಅಪ್ಪ, ಅಮ್ಮ ಎಲ್ಲರೂ ಹೋದ ಮನೆಯ ಮಗುವಿಗೆ.

ಎಂಟರ ವಯಸ್ಸಿಗೆ ಆ ಕುಟುಂಬ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಯಿತು. ಹನ್ನೆರಡಕ್ಕೆ ಮದುವೆ ಗೊತ್ತುಮಾಡಿದರು. ಹುಡುಗಿ ಒಲ್ಲೆ ಎಂದಳು. ಎಲ್ಲರೂ ಒತ್ತಾಯ ಮಾಡಿದಾಗ ಜಡೆಯನ್ನೇ ಕತ್ತರಿಸಿಕೊಂಡಳು. ಸಾಕಿದ ಮನೆಯಲ್ಲಿ ಅಂದಿನಿಂದ ಅವಳಿಗೆ ಏಟು, ಅಡುಗೆಮನೆಯ ಚಾಕರಿ. 1858ರ ಸೆಪ್ಟೆಂಬರಿನಲ್ಲಿ, ತಮ್ಮನಿಗೊಂದು ಕಾಗದ ಮುಟ್ಟಿಸಲು, ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದವನ ಮನೆಗೆ ಹೋದಳು. ಅವನು ಮತ ಬದಲಿಸು ಎಂದು ಪಟ್ಟುಹಿಡಿದ. ಒಪ್ಪದಿದ್ದಾಗ ಕೊರಳು ಕೊಯ್ದು ಬೀದಿಗೆ ಎಸೆದ. ಎಚ್ಚರವಾದಾಗ ತಾನೊಂದು ಗುಹೆಯಲ್ಲಿದ್ದೆ, ನೀಲಿ ಉಡುಪಿನ ಒಬ್ಬಳು ಗಾಯ ಹೊಲಿದು, ಗಂಜಿಯಂಥ ಸಾರು ಕುಡಿಸಿ, ವಾರಗಟ್ಟಲೆ ನೋಡಿಕೊಂಡಳು ಎಂದು ಮರಿಯಂ ಆಮೇಲೆ ಹೇಳಿದ್ದಾರೆ. ಆ ಹೆಂಗಸು ಯಾರು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ತಾಯಿ ಮರಿಯಮ್ಮನವರೇ. ಕೊರಳಿನ ಕಲೆ ಮಾತ್ರ ಎಲ್ಲರ ಕಣ್ಣಿಗೂ ಕಾಣುವಂಥದ್ದಾಗಿತ್ತು. ಅದು 10 ಸೆಂಟಿಮೀಟರಿನಷ್ಟು ಉದ್ದವಿತ್ತು. ದನಿ ಜೀವಮಾನವಿಡೀ ಒಡಕಾಗಿಯೇ ಉಳಿಯಿತು.

ಆ ಗುಹೆಯ ಕತೆಯನ್ನು ನಂಬುವವರು ನಂಬುತ್ತಾರೆ, ಬಿಡುವವರು ಬಿಡುತ್ತಾರೆ. ಎರಡೂ ಕಡೆಯವರು ಗಮನಿಸಬೇಕಾದದ್ದು ಒಂದಿದೆ. ಹೆತ್ತ ಮಡಿಲು ಹೋಯಿತು, ಸಾಕಿದ ಮಡಿಲು ಹೊರಗೆ ನೂಕಿತು, ಆಗ ಹುಡುಗಿಯ ನೆನಪಿನಲ್ಲಿ ನಿಂತದ್ದು ಸಾರು ಕುಡಿಸಿದ ಒಬ್ಬ ತಾಯಿ.

ಮುಂದೆ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರುತ್, ಮಾರ್ಸೇ ಊರುಗಳಲ್ಲಿ ಮನೆಗೆಲಸ. ಮಾರ್ಸೇಯಲ್ಲಿ 1865ರಲ್ಲಿ ಒಂದು ಕನ್ಯಾಸ್ತ್ರೀ ಮಠಕ್ಕೆ ಸೇರಿದರು. ಅಲ್ಲಿ ಅವರ ಕೈಹಿಡಿದವರು ಮದರ್ ವೆರೋನಿಕಾ. ಮಂಗಳೂರಿನವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ ಅವರು. ಮಠದವರು ವ್ರತಕ್ಕೆ ಬೇಡವೆಂದ ಮರಿಯಂಳನ್ನು 1867ರಲ್ಲಿ ತಮ್ಮೊಡನೆ ಪೋ ಊರಿನ ಕಾರ್ಮೆಲ್ ಮಠಕ್ಕೆ ಕರೆದೊಯ್ದರು. ಅಲ್ಲಿಂದ 1870ರ ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಮಠ ಕಟ್ಟಲು ಹೊರಟ ತಂಡದಲ್ಲಿ ಮರಿಯಂ ಕೂಡ ಇದ್ದರು. ಆ ಪ್ರಯಾಣದಲ್ಲೇ ಮೂವರು ಸಿಸ್ಟರುಗಳು ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಮರಿಯಂ ಅಂತಿಮ ವ್ರತ ಸ್ವೀಕರಿಸಿದರು. ಆಮೇಲೆ ಅಲ್ಲಿಯ ಹಿರಿಯರಿಗೆ ಅವರ ದರ್ಶನಗಳ ಮೇಲೆ ಸಂಶಯ ಹುಟ್ಟಿತು. 1872ರಲ್ಲಿ ವಾಪಸು ಕಳಿಸಿದರು. ಅಂದರೆ ಇನ್ನೊಂದು ಮಡಿಲೂ ಕೈಬಿಟ್ಟಿತು. 1875ರಲ್ಲಿ, ತಂದೆತಾಯಿ ಹರಕೆ ಹೊತ್ತು ನಡೆದುಹೋಗಿದ್ದ ಅದೇ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಿಸಲು ಹೋದರು. ಕೆಲಸದವರಿಗೆ ನೀರು ಒಯ್ಯುವಾಗ ಬಿದ್ದು ತೋಳು ಮುರಿದು, ಗಾಯ ಕೊಳೆತು, 1878ರ ಆಗಸ್ಟ್ 26ರಂದು 32ನೇ ವಯಸ್ಸಿಗೆ ತೀರಿಕೊಂಡರು. 1983ರಲ್ಲಿ ಪುನೀತ ಪದವಿ, 2015ರ ಮೇ 17ರಂದು ಸಂತಪದವಿ.

ತಾನು ಏನೂ ಅಲ್ಲ, ಬರಿಯ ಸೊನ್ನೆ ಎನ್ನುವುದು ಅವರ ಆಧ್ಯಾತ್ಮದ ತಿರುಳು. ಪವಿತ್ರಾತ್ಮರ ಮೇಲೆ ಅವರಿಟ್ಟ ಭಕ್ತಿಯೂ ಅದರ ಜೊತೆಯದೇ. ಹಿಡಿಯಲು ಹೋದರೆ ಸಿಗದ, ತಾನಾಗಿ ಬಂದು ಕೂರುವ ಪಾರಿವಾಳ. ಹಕ್ಕಿ ಹಿಡಿದು ಕಳೆದುಕೊಂಡ ಹುಡುಗಿಗೆ ಈ ದೇವರು ಒಗ್ಗಿದ್ದರಲ್ಲಿ ಆಶ್ಚರ್ಯವೇನಿದೆ? ಇದು ನನ್ನ ಊಹೆ. ಆದರೆ ಓದುಬರಹವಿಲ್ಲದ ಹೆಂಗಸಿಗೆ ಆಡುವ ಮಾತುಗಳೆಲ್ಲ ಹಳ್ಳಿಯ ತೋಟದಿಂದಲೇ ಬರಬೇಕಷ್ಟೆ.

ಇನ್ನು ಗೋಡೆಯ ಪಟದ ತೆರೇಸಾ. 1873ರಲ್ಲಿ ಹುಟ್ಟಿದ ಈ ಮಗು ಮೊದಲ ವರ್ಷವನ್ನು ಹಾಲೂಡಿಸುವ ದಾದಿಯ ಹಳ್ಳಿಮನೆಯಲ್ಲಿ ಕಳೆಯಿತು, ತಾಯಿಗೆ ಎದೆಯ ಕಾಯಿಲೆಯಿದ್ದುದರಿಂದ. ನಾಲ್ಕೂವರೆ ವರ್ಷದವಳಿದ್ದಾಗ, 1877ರ ಆಗಸ್ಟಿನಲ್ಲಿ, ತಾಯಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಐದು ಜನ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದರು. ಪಾಪ, ಈ ಮಕ್ಕಳಿಗೆ ಅಮ್ಮ ಇಲ್ಲವಾಯಿತು ಎಂದು ಮನೆಯ ಆಳು ನೊಂದುಕೊಂಡಳು. ಕೂಡಲೇ ಸೆಲಿನ್ ಎಂಬಾಕೆ ದೊಡ್ಡಕ್ಕ ಮರಿಯಳ ತೋಳಿಗೆ ಬಿದ್ದು ಇನ್ನು ನೀನೇ ಅಮ್ಮ ಅಂದಳು. ಅದನ್ನು ನೋಡಿದ ಪುಟ್ಟ ತೆರೇಸಾ ಎರಡನೇ ಅಕ್ಕ ಪೌಲಿನ್‌ಳ ಎದೆಗೆ ತಲೆಯಿಟ್ಟಳು. ಮಗು ತಾನೇ ಅಮ್ಮನನ್ನು ಆರಿಸಿಕೊಂಡ ಗಳಿಗೆ ಅದು. ಸಂತಚರಿತ್ರೆಗಳಲ್ಲಿ ಇಂಥ ಬರಿಯ ಮನುಷ್ಯರ ದೃಶ್ಯಗಳು ಅಪರೂಪ.

ಆ ಎರಡನೆಯ ಅಮ್ಮನೂ 1882ರ ಅಕ್ಟೋಬರಿನಲ್ಲಿ ಕಾರ್ಮೆಲ್ ಮಠ ಸೇರಿದಳು. ಮುಂದಿನ ವರ್ಷದ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಹತ್ತು ವರ್ಷದ ತೆರೇಸಾ ಹಾಸಿಗೆ ಹಿಡಿದಳು. ನಡುಕ, ಭಯ, ಇಲ್ಲದ್ದು ಕಾಣುವುದು. ಅಪ್ಪ ಪ್ಯಾರಿಸಿನ ವಿಜಯಮಾತೆಯ ದೇವಾಲಯದಲ್ಲಿ ಒಂಬತ್ತು ದಿನಗಳ ಪೂಜೆ ಹೇಳಿಸಿದರು. 1883ರ ಮೇ 13ರಂದು, ಮಂಚದ ಪಕ್ಕದ ಮರಿಯಮ್ಮನವರ ಪ್ರತಿಮೆ ತನ್ನನ್ನು ನೋಡಿ ನಕ್ಕಿತು, ಕಾಯಿಲೆ ಬಿಟ್ಟಿತು ಎಂದು ತೆರೇಸಾ ಬರೆದಿದ್ದಾರೆ. ನಮ್ಮ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನ ದೇವಾಲಯವೂ ಅದೇ ವಿಜಯಮಾತೆಯ ಹೆಸರಿನದು. ಗಣಿಯ ಸುರಂಗದಿಂದ ಜೀವಸಹಿತ ಮೇಲೆ ಬಂದರೆ ಸಾಕೆಂದು ಬೇಡಿಕೊಳ್ಳುತ್ತಿದ್ದ ಜನಕ್ಕೂ ಫ್ರಾನ್ಸಿನ ಆ ಹುಡುಗಿಗೂ ಬೇಕಾದದ್ದು ಒಬ್ಬಳೇ ತಾಯಿ.

15ನೇ ವಯಸ್ಸಿಗೆ ತೆರೇಸಾ ಕೂಡ ಪೌಲಿನ್ ಇದ್ದ ಮಠಕ್ಕೇ ಸೇರಿದರು. 24ಕ್ಕೆ ಕ್ಷಯದಿಂದ ತೀರಿಕೊಂಡರು. ಅವರ 'ಪುಟ್ಟ ದಾರಿ' ಎಂಬ ಆಧ್ಯಾತ್ಮದ ಸಾರ ಇಷ್ಟು: ದೊಡ್ಡ ಮೆಟ್ಟಿಲು ಹತ್ತಲು ನನ್ನಿಂದಾಗದು, ಯೇಸುವೇ ನನ್ನನ್ನು ಎತ್ತಿಕೊಳ್ಳಬೇಕು. 1887ರಲ್ಲಿ ಇಟಲಿಗೆ ಹೋಗಿದ್ದಾಗ ಹೋಟೆಲುಗಳಲ್ಲಿ ಲಿಫ್ಟ್ ನೋಡಿ ಬೆರಗಾಗಿದ್ದ ಹುಡುಗಿ, ಹತ್ತು ವರ್ಷದ ಮೇಲೆ ಯೇಸುವಿನ ತೋಳುಗಳನ್ನು ಲಿಫ್ಟಿಗೆ ಹೋಲಿಸಿದರು. ಮಡಿಲು ಬದಲಾಗುತ್ತಾ ಹೋದ ಮಗು ಕೊನೆಗೆ ಎತ್ತಿಕೊಳ್ಳುವುದನ್ನೇ ಒಂದು ಸಿದ್ಧಾಂತ ಮಾಡಿತು. 1925ರ ಮೇ 17ರಂದು ಸಂತಪದವಿ. ಸರಿಯಾಗಿ 90 ವರ್ಷದ ನಂತರ ಅದೇ ದಿನ ಮರಿಯಂಗೆ.

ಹಾಗಾದರೆ ಬಾಲ್ಯವೇ ಸಂತರನ್ನು ಮಾಡುತ್ತದೆಯೇ? ಹಳೆಯ ಕಾಲದ ಚರಿತ್ರೆಕಾರರಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವರ ಪ್ರಕಾರ ಸಂತರು ಹುಟ್ಟುತ್ತಲೇ ಸಂತರು. ಸಂತ ನಿಕೊಲಾಸರು ಕೂಸಾಗಿದ್ದಾಗ ಬುಧವಾರ ಶುಕ್ರವಾರಗಳಲ್ಲಿ ಒಂದೇ ಹೊತ್ತು ಮೊಲೆಹಾಲು ಕುಡಿಯುತ್ತಿದ್ದರಂತೆ, ಉಪವಾಸದ ದಿನವೆಂದು! ನಮ್ಮ ಪ್ರಹ್ಲಾದ ಧ್ರುವರ ಬಳಗದವರು ಇವರು. ಇಂಥ ಬಾಲ್ಯದಿಂದ ಕಲಿಯಲು ಏನೂ ಇಲ್ಲ, ಕೈಮುಗಿಯಬಹುದು ಅಷ್ಟೆ.

20ನೇ ಶತಮಾನದ ಮನಶ್ಶಾಸ್ತ್ರಜ್ಞರು ಇನ್ನೊಂದು ತುದಿಗೆ ಹೋದರು. ಆನಾ ಮರಿಯಾ ರಿಜುತೊ 1979ರ ಪುಸ್ತಕದಲ್ಲಿ, ಮಗು ತಂದೆತಾಯಿಯ ಚಹರೆಗಳಿಂದಲೇ ತನ್ನ ದೇವರನ್ನು ಕಟ್ಟಿಕೊಳ್ಳುತ್ತದೆ ಎಂದು ವಾದಿಸಿದರು. ತಾಯಿ ಮಗುವಿನ ನಂಟಿನ ಬಗ್ಗೆ ಜಾನ್ ಬೌಲ್ಬಿ ಬರೆದದ್ದನ್ನು ಧರ್ಮಕ್ಕೆ ಹೊಂದಿಸಿದವರಲ್ಲಿ ಎರಡು ಮತಗಳಿವೆ. ಪ್ರೀತಿ ಕಂಡ ಮಗುವಿಗೆ ದೇವರೂ ಪ್ರೀತಿಯವನಾಗಿ ಕಾಣುತ್ತಾನೆ ಎನ್ನುವುದು ಒಂದು. ಪ್ರೀತಿ ಸಿಗದ ಮಗು ಆ ಕೊರತೆಯನ್ನು ದೇವರಲ್ಲಿ ತುಂಬಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ತೆರೇಸಾರಿಗೆ ಮೊದಲನೆಯದನ್ನು ಹಚ್ಚಬಹುದು, ಮರಿಯಂಗೆ ಎರಡನೆಯದನ್ನು. ಆದರೆ ಮಳೆ ಬಂದರೂ ತನ್ನ ಮಾತು ನಿಜವಾಯಿತು, ಬಾರದಿದ್ದರೂ ನಿಜವಾಯಿತು ಎನ್ನುವ ಪಂಚಾಂಗದಿಂದ ರೈತನಿಗೇನು ಪ್ರಯೋಜನ?

ತಾಯಿಯನ್ನು ಕಳೆದುಕೊಂಡವರನ್ನೇ ಇನ್ನಷ್ಟು ನೋಡಿ. ಕೇರಳದ ಸಂತ ಅಲ್ಫೋನ್ಸಾ 1910ರಲ್ಲಿ ಹುಟ್ಟಿದವರು. ಕೂಸಾಗಿದ್ದಾಗಲೇ ತಾಯಿ ಹೋದರು. ಸಾಕಿದ ದೊಡ್ಡಮ್ಮ ಕಟ್ಟುನಿಟ್ಟಿನವರು, ಒಳ್ಳೆಯ ಕಡೆ ಸಂಬಂಧ ನೋಡಿದ್ದರು. ಮದುವೆ ತಪ್ಪಿಸಿಕೊಳ್ಳಲು ಹುಡುಗಿ 1923ರಲ್ಲಿ ಹೊಟ್ಟು ಉರಿಯುತ್ತಿದ್ದ ಗುಂಡಿಯಲ್ಲಿ ಕಾಲಿಟ್ಟು ಸುಟ್ಟುಕೊಂಡಳು. ಮರಿಯಂ ಕೂದಲು ಕತ್ತರಿಸಿದಳು, ಅಲ್ಫೋನ್ಸಾ ಕಾಲು ಸುಟ್ಟುಕೊಂಡಳು. ಮುಂದೆ ಅಲ್ಫೋನ್ಸಾರ ಭಕ್ತಿಯೆಲ್ಲ ನೋವನ್ನು ಸದ್ದಿಲ್ಲದೆ ಹೊತ್ತುಕೊಳ್ಳುವ ಭಕ್ತಿಯಾಯಿತು.

ಸ್ಪೇನಿನ ಆವಿಲಾದ ತೆರೇಸಾ ಬೇರೆಯೇ ಜಾತಿಯವರು. ಏಳರ ಸುಮಾರಿಗೆ ಅಣ್ಣನನ್ನು ಕರೆದುಕೊಂಡು, ದೇವರಿಗಾಗಿ ತಲೆ ಕೊಡುತ್ತೇವೆಂದು ಊರು ಬಿಟ್ಟು ಓಡಿದ್ದ ಹುಡುಗಿ. ತಾಯಿ ತೀರಿದಾಗ ಅಳುತ್ತಾ ಮರಿಯಮ್ಮನವರ ಪ್ರತಿಮೆಯ ಮುಂದೆ ಹೋಗಿ ಇನ್ನು ನೀವೇ ತಾಯಿ ಅಂದಳು. ಆಗ ತನಗೆ ಹನ್ನೆರಡೂ ತುಂಬಿರಲಿಲ್ಲ ಎಂದು ಬರೆದಿದ್ದಾರೆ. ಲೆಕ್ಕ ಹಾಕಿದವರು ಹದಿಮೂರಾಗಿತ್ತು ಅನ್ನುತ್ತಾರೆ. ನೆನಪಿನಲ್ಲಿ ದುಃಖದ ವಯಸ್ಸು ಕಡಿಮೆಯಾಗುತ್ತದೆ. ಪ್ರಾರ್ಥನೆಯ ನಾಲ್ಕು ಹಂತಗಳನ್ನು ಅವರು ತೋಟಕ್ಕೆ ನೀರು ಹಾಯಿಸುವ ನಾಲ್ಕು ರೀತಿಗಳಿಗೆ ಹೋಲಿಸಿದ್ದಾರೆ: ಬಾವಿಯಿಂದ ಕೈಯಲ್ಲಿ ಸೇದುವುದು, ಚಕ್ರ ತಿರುಗಿಸಿ ಎತ್ತುವುದು, ಹೊಳೆಯಿಂದ ಕಾಲುವೆ ತರುವುದು, ಕೊನೆಗೆ ದೇವರೇ ಸುರಿಸುವ ಮಳೆ. ಕಪಿಲೆ ಹೊಡೆದ ಅಜ್ಜಂದಿರ, ಸಾವಿರ ಅಡಿ ದಾಟಿಯೂ ಬೋರಿನಲ್ಲಿ ದೂಳು ಕಂಡ ಅಪ್ಪಂದಿರ ಈ ಸೀಮೆಗೆ ಆ ಹೋಲಿಕೆಯನ್ನು ಯಾರೂ ವಿವರಿಸಬೇಕಿಲ್ಲ. ಈಗ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದನ್ನು ಪ್ರಾರ್ಥನೆಯ ಎಷ್ಟನೇ ಹಂತಕ್ಕೆ ಸೇರಿಸಬೇಕೆಂದು ಆವಿಲಾದ ತಾಯಿಯೇ ಹೇಳಬೇಕು.

ನಾಲ್ವರಿಗೂ ಕಳೆದುಹೋದದ್ದು ತಾಯಿ. ಭಕ್ತಿ ಮಾತ್ರ ನಾಲ್ಕು ಬಗೆ. ಹೀಗಾಗಿ ಕಳೆದುಕೊಂಡದ್ದರಿಂದ ಸಂತರ ಬಣ್ಣ ತೀರ್ಮಾನವಾಗುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಮೇಲೆ ಯಾರು ಎತ್ತಿಕೊಂಡರು ಎನ್ನುವುದನ್ನು ನೋಡಬೇಕು. ಅಕ್ಕಂದಿರು ಎತ್ತಿಕೊಂಡ ತೆರೇಸಾ ಎತ್ತಿಕೊಳ್ಳುವ ದೇವರನ್ನು ಕಂಡರು. ಕಟ್ಟುನಿಟ್ಟಿನ ಮನೆಯ ಅಲ್ಫೋನ್ಸಾ ಸಹಿಸುವುದನ್ನು ಕಲಿತರು. ಎತ್ತಿಕೊಂಡ ಮಡಿಲುಗಳೂ ಕೈಬಿಟ್ಟ ಮರಿಯಂ ಸೊನ್ನೆಯಾಗಿ ಉಳಿದು ಹಾರಿಬರುವ ಆತ್ಮಕ್ಕೆ ಕಾದರು. ತಾನೇ ಹೋಗಿ ತಾಯಿಯನ್ನು ಕೇಳಿಕೊಂಡ ಆವಿಲಾದವರು ಊರೂರು ತಿರುಗಿ ಮಠ ಕಟ್ಟುವ ಗಟ್ಟಿಗಿತ್ತಿಯಾದರು. 2025ರ ಸೆಪ್ಟೆಂಬರ್ 7ರಂದು ಸಂತಪದವಿ ಪಡೆದ ಕಾರ್ಲೊ ಅಕ್ಯುತಿಸ್, 15 ವರ್ಷ ಬದುಕಿದ ಇಟಲಿಯ ಹುಡುಗ, ಇದಕ್ಕೆ ಹೊಸ ಸಾಕ್ಷಿ. ತಂದೆತಾಯಿ ಇದ್ದರು, ಆದರೆ ಅಷ್ಟೇನೂ ಭಕ್ತರಲ್ಲ. ಹುಡುಗನಿಗೆ ಪ್ರಾರ್ಥನೆ ಹತ್ತಿಸಿದವರಲ್ಲಿ ಮುಖ್ಯಳು ಅವನನ್ನು ನೋಡಿಕೊಳ್ಳಲು ಬಂದ ಪೋಲೆಂಡಿನ ದಾದಿ.

ಇದಕ್ಕೆ ಒಗ್ಗದವರೂ ಇದ್ದಾರೆ, ಮುಚ್ಚಿಡಬಾರದು. ಯೇಸುಸಭೆಯ ಸ್ಥಾಪಕ ಇಗ್ನಾಸಿಯವರ ತಾಯಿಯೂ ಬೇಗ ತೀರಿಕೊಂಡವರು; ಕಮ್ಮಾರನ ಹೆಂಡತಿಯೊಬ್ಬಳು ಹಾಲೂಡಿಸಿ ಸಾಕಿದಳು. ಹೇಳಿ ಬರೆಸಿದ ಆತ್ಮಕತೆಯಲ್ಲಿ ಅವರು ಬಾಲ್ಯದ ಸುದ್ದಿಯನ್ನೇ ಎತ್ತುವುದಿಲ್ಲ. ನೇರ 26ನೇ ವಯಸ್ಸಿಗೆ ಜಿಗಿಯುತ್ತಾರೆ. ತಮಿಳುನಾಡಿನವರು ಅರುಳಾನಂದರ್ ಎಂದು ಕರೆಯುವ ಜಾನ್ ದಿ ಬ್ರಿಟ್ಟೊ ಇದಕ್ಕೆ ತದ್ವಿರುದ್ಧ. ಲಿಸ್ಬನ್ನಿನ ಅರಮನೆಯಲ್ಲಿ ಊಳಿಗದ ಹುಡುಗನಾಗಿದ್ದಾಗ ಕಾಯಿಲೆ ಬಿದ್ದ. ವಾಸಿಯಾದರೆ ಒಂದು ವರ್ಷ ಯೇಸುಸಭೆಯ ಕಪ್ಪು ನಿಲುವಂಗಿ ತೊಡಿಸುತ್ತೇನೆಂದು ವಿಧವೆ ತಾಯಿ ಹರಕೆ ಹೊತ್ತಳು. ಜೊತೆಯ ಹುಡುಗರು ಗೇಲಿ ಮಾಡಿದರೂ ಹುಡುಗ ತೊಟ್ಟುಕೊಂಡೇ ಓಡಾಡಿದ. ಮುಂದೆ ಮಧುರೆಯ ಸೀಮೆಯಲ್ಲಿ ಕಾವಿ ಉಟ್ಟು, ಮಾಂಸ ಬಿಟ್ಟು ಬಾಳಿ, 1693ರಲ್ಲಿ ಓರಿಯೂರಿನಲ್ಲಿ ತಲೆಕೊಟ್ಟರು. ಉಡುಪು ಬದಲಿಸಿ ಬೇರೆ ಮನುಷ್ಯನಾಗುವ ಧೈರ್ಯ ಹನ್ನೊಂದರ ವಯಸ್ಸಿನಲ್ಲೇ ಬಂದಿತ್ತು, ಅದೂ ಹೆತ್ತ ತಾಯಿಯಿಂದಲೇ.

ಇನ್ನೊಂದು ತೊಡಕಿದೆ. ಇಷ್ಟೂ ಬಾಲ್ಯಗಳು ನಮಗೆ ಹೇಗೆ ಗೊತ್ತಾದವು? ಯಾರೂ ತಾವಾಗಿ ಕೂತು ಬರೆಯಲಿಲ್ಲ. ಆವಿಲಾದವರು ಪಾಪನಿವೇದನೆ ಕೇಳುವ ಗುರುಗಳ ಅಪ್ಪಣೆಯಿಂದ ಬರೆದರು. ಮರಿಯಂ ಅರೆಬರೆ ಫ್ರೆಂಚಿನಲ್ಲಿ ಹೇಳಿದ್ದನ್ನು ಸಿಸ್ಟರುಗಳು ಬರೆದುಕೊಂಡರು. ತೆರೇಸಾ 1895ರಲ್ಲಿ ಬಾಲ್ಯದ ನೆನಪು ಬರೆಯತೊಡಗಿದ್ದು ಆಗ ಮಠದ ಮುಖ್ಯಸ್ಥೆಯಾಗಿದ್ದ ಪೌಲಿನ್ ಹೇಳಿದ್ದಕ್ಕೆ. ಅಂದರೆ ಎರಡನೆಯ ಅಮ್ಮನಿಗಾಗಿ ಬರೆದ ಬಾಲ್ಯ ಅದು. ಅದರಲ್ಲಿ ಅಮ್ಮಂದಿರೇ ತುಂಬಿಕೊಂಡಿರುವುದು ಸಹಜ. 1898ರಲ್ಲಿ ಅಚ್ಚಾಗುವ ಮೊದಲು ಪೌಲಿನ್ ಅದರಲ್ಲಿ ಸಾವಿರಾರು ತಿದ್ದುಪಡಿ ಮಾಡಿದರು. ತಿದ್ದದ ಮೂಲ ಹೊರಬಂದದ್ದು 1956ರಲ್ಲಿ. ಕೇಳಿದವರ ಪ್ರಶ್ನೆಗೆ ತಕ್ಕಂತೆ ಬಾಲ್ಯ ಜೋಡಣೆಯಾಗುತ್ತದೆ. ಇದು ಸುಳ್ಳಲ್ಲ, ಆದರೆ ಪೂರ್ತಿ ಕಡತವೂ ಅಲ್ಲ.

ಒಂದು ಎಚ್ಚರಿಕೆಯ ಮಾತೂ ಬೇಕು. ಸುಟ್ಟ ಕಾಲು, ಕೊಯ್ದ ಕೊರಳುಗಳನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಹೇಳುವಾಗ ಅವು ಮೇಲ್ಪಂಕ್ತಿಯ ಹಾಗೆ ಕೇಳಿಸುತ್ತವೆ. ಹನ್ನೆರಡರ ಹುಡುಗಿಗೆ ಮದುವೆ ಗೊತ್ತುಮಾಡಿ, ಬೇಡವೆಂದದ್ದಕ್ಕೆ ಹೊಡೆದ ಮನೆ ಅಂದೂ ತಪ್ಪು ಮಾಡಿತು, ಇಂದೂ ಮಾಡುತ್ತದೆ. ಸಂತಳಾದಳಲ್ಲ ಎಂಬ ಕಾರಣಕ್ಕೆ ಆ ಏಟು ಮಾಫಿಯಾಗುವುದಿಲ್ಲ. ಅದೇ ಏಟು ತಿಂದು, ಸಂತರಾಗದೆ, ಹೆಸರೂ ಉಳಿಯದೆ ಹೋದ ಮಕ್ಕಳು ಎಷ್ಟೋ. ಸಭೆಗೂ ಮಕ್ಕಳ ಬಗ್ಗೆ ಹೊಸ ಕಣ್ಣು ಬಂದದ್ದು ತಡವಾಗಿ: ಫಾತಿಮಾದಲ್ಲಿ ಕುರಿ ಕಾಯುತ್ತಿದ್ದ ಫ್ರಾನ್ಸಿಸ್ಕೊ ಮತ್ತು ಜಸಿಂತಾ, ಹತ್ತು ಮತ್ತು ಒಂಬತ್ತರ ವಯಸ್ಸಿನಲ್ಲಿ ತೀರಿಕೊಂಡ ಅಣ್ಣ ತಂಗಿ, 2017ರಲ್ಲಿ ಸಂತರಾದರು.

ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸುರಂಗಕ್ಕೆ ಇಳಿದ ಅಪ್ಪಂದಿರು ಮೇಲೆ ಬಾರದ ದಿನ ಯಾರ ಮನೆಯ ಮಗುವನ್ನು ಯಾರು ಎತ್ತಿಕೊಂಡರು, ಯಾವ ಅಕ್ಕ ಅಮ್ಮನಾದಳು, ಯಾವ ಸಿಸ್ಟರು ಅನ್ನ ಹಾಕಿದರು ಎಂಬುದನ್ನು ಬಲ್ಲ ಅಜ್ಜಿಯರು ಆ ಸಾಲುಮನೆಗಳಲ್ಲಿ ಇನ್ನೂ ಇದ್ದಾರೆ. ಬರೆಯಿರಿ ಎಂದು ಅಪ್ಪಣೆ ಕೊಡುವ ಗುರುಗಳು ಅವರಿಗಿಲ್ಲ. ಮುಂದಿನ ಸಲ ಆ ಕಡೆ ಹೋದಾಗ ಮೊಬೈಲಿನ ರೆಕಾರ್ಡರ್ ಒತ್ತಿಟ್ಟು, ಪಕ್ಕದಲ್ಲಿ ಕೂತು, ಚಿಕ್ಕಂದಿನಲ್ಲಿ ನಿಮ್ಮನ್ನು ಯಾರು ಸಾಕಿದರು ಅಜ್ಜಿ ಎಂದು ಕೇಳಿ.